ಸನದು ದೊರೆತ ಮೇಲೆ

ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಜನಿಸಿದ ಹುಡುಗನೊಬ್ಬನು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಕಾನೂನನ್ನು ಓದಬೇಕೆಂದು ಸಂಕಲ್ಪಿಸಿದಾಗ, ಅದಕ್ಕಾಗಿ ಅವನು ಹೋದದ್ದು ದೂರದ ಪುಣೆಗೆ. ಬೆಂಗಳೂರಿನಲ್ಲಿ ಲಾ ಕಾಲೇಜು ಆರಂಭವಾದುದು 1948ರಲ್ಲಿ. ಅದಕ್ಕೆ ಮುಂಚೆ ಹಳೆಯ ಮೈಸೂರಿನ ತರುಣರಿಗೆ ಮದರಾಸು, ಮುಂಬಯಿ, ಪುಣೆಗಳಂಥ ಹೊರಗಿನ ಊರುಗಳೇ ಗತಿ. 1932ರಲ್ಲಿ ಪದವಿ ಪಡೆದು ಹಿಂದಿರುಗಿ ವಕೀಲರಾದ ಆ ತರುಣ ಕೆಂಗಲ್ ಹನುಮಂತಯ್ಯನವರು, 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ ವಿಧಾನಸೌಧವನ್ನು ಕಟ್ಟಿಸಿದುದನ್ನು ಎಲ್ಲರೂ ಬಲ್ಲರು. 1970ರಲ್ಲಿ ಕೇಂದ್ರ ಸರ್ಕಾರದ ಕಾನೂನು ಸಚಿವರೂ ಆದರೆಂಬುದನ್ನು ಅವರ ಸ್ವಂತ ಸೀಮೆಯಲ್ಲಿಯೇ ಅನೇಕರು ಮರೆತಿದ್ದಾರೆ. ಮಗನನ್ನೋ ಮಗಳನ್ನೋ ಲಾಯರು ಮಾಡಬೇಕೆಂಬ ಹಂಬಲ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಒಕ್ಕಲು ಮನೆಗಳಲ್ಲಿ ಇಂದಿಗೂ ಬತ್ತಿಲ್ಲ. ಜಮೀನಿನ ವ್ಯಾಜ್ಯವೊಂದಿಲ್ಲದ ಮನೆ ವಿರಳವಾಗಿರುವ ಈ ಪ್ರಾಂತದಲ್ಲಿ, ಮನೆಯಲ್ಲಿ ಒಬ್ಬರಾದರೂ ಕಾನೂನು ಬಲ್ಲವರಿರಲಿ ಎಂದು ತಂದೆತಾಯಿಗಳು ಅಪೇಕ್ಷಿಸುವುದು ಸಹಜವೇ ಸರಿ. ಆದರೆ ವಕೀಲರಾಗುವುದೆಂದರೆ ಏನೇನು ದಾಟಬೇಕು, ಎಲ್ಲಿ ಹಣ ಬೇಕು, ಎಲ್ಲಿ ತಾಳ್ಮೆ ಬೇಕು ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೊರಡುವವರು ಕಡಮೆ.

ಓದಿನ ಭಾಗವನ್ನು ಬೇಗನೆ ಹೇಳಿಬಿಡಬಹುದು. ಪಿ.ಯು.ಸಿ. ಆದವರಿಗೆ ಐದು ವರ್ಷಗಳ ವ್ಯಾಸಂಗ, ಬೇರೆ ಪದವಿಯೊಂದನ್ನು ಮುಗಿಸಿದವರಿಗೆ ಮೂರು ವರ್ಷಗಳದ್ದು. ಹಿಂದಿನ ಪರೀಕ್ಷೆಯಲ್ಲಿ ಶೇಕಡಾ 45 ಅಂಕಗಳು ಬೇಕು. ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟ ಜಾತಿ ಪಂಗಡಗಳವರಿಗೆ 40. ರಾಜ್ಯದ ಕಾನೂನು ಕಾಲೇಜುಗಳಲ್ಲಿ ಹೆಚ್ಚಿನವು 2009ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರ ಪರೀಕ್ಷೆಗಳನ್ನು ಕನ್ನಡದಲ್ಲಿಯೂ ಬರೆಯಬಹುದೆಂಬುದು ಹಳ್ಳಿಯ ವಿದ್ಯಾರ್ಥಿಗೆ ದೊಡ್ಡ ಅನುಕೂಲ. ಮಾಗಡಿಯಿಂದ ಬೆಂಗಳೂರಿಗೆ ಬರುವ ರಸ್ತೆಗೆ ಬಹು ದೂರವಲ್ಲದ ನಾಗರಭಾವಿಯಲ್ಲಿಯೇ, ದೇಶದಲ್ಲಿ ಐದು ವರ್ಷದ ಪಾಠಕ್ರಮಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟ ರಾಷ್ಟ್ರೀಯ ಕಾನೂನು ಶಾಲೆ ಇದೆಯಾದರೂ, ಅಂಥ ಶಾಲೆಗಳಲ್ಲಿ ಬಹುಪಾಲಿನವುಗಳ ಬಾಗಿಲಿನಲ್ಲಿರುವ ಕ್ಲಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುವುದರಿಂದ, ಮಾಗಡಿಯ ಕನ್ನಡ ಮಾಧ್ಯಮದ ಹುಡುಗಿಗೆ ನಾಗರಭಾವಿ ಹುಬ್ಬಳ್ಳಿಗಿಂತ ದೂರ. ರಾಮನಗರ ಚನ್ನಪಟ್ಟಣದವರಿಗೆ ಬೆಂಗಳೂರಿಗೂ ಮೈಸೂರಿಗೂ ಹೋಗಿಬರಲು ರೈಲುಂಟು. ಕನಕಪುರ ಮಾಗಡಿಗಳವರಿಗೆ ಬಸ್ಸೇ ಆಧಾರ. ಸೇರುವ ಕಾಲೇಜಿಗೆ ಭಾರತೀಯ ವಕೀಲರ ಪರಿಷತ್ತಿನ ಮನ್ನಣೆ ಇದೆಯೇ ಎಂದು ನೋಡಿಕೊಳ್ಳುವುದನ್ನು ಮಾತ್ರ ಯಾರೂ ಮರೆಯಬಾರದು. ಅಂಚೆಯ ಮೂಲಕ ಸಂಪಾದಿಸಿದ ಕಾನೂನು ಪದವಿ ಗೋಡೆಗೆ ಅಲಂಕಾರವಾದೀತೇ ಹೊರತು ಅದರಿಂದ ಸನದು ದೊರೆಯದು.

ಸನದೆಂಬುದು ನಮ್ಮ ಕೋರ್ಟು ಕಟ್ಟೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ಮಾತು. 1961ರ ವಕೀಲರ ಅಧಿನಿಯಮದ 24ನೆಯ ಪ್ರಕರಣದಂತೆ, ಭಾರತದ ಪ್ರಜೆಯಾಗಿ, 21 ವರ್ಷ ತುಂಬಿ, ಮನ್ನಣೆಯುಳ್ಳ ಕಾನೂನು ಪದವಿಯನ್ನು ಪಡೆದವರು, ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಗೊಳಗಾದವರಲ್ಲದಿದ್ದರೆ, ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಿಕೊಂಡು, ತಮ್ಮದೇ ಆದ ಒಂದು ಕ್ರಮಸಂಖ್ಯೆಯನ್ನು ಪಡೆಯುತ್ತಾರೆ. ಇದಕ್ಕೆ ಶಾಸನವು ಗೊತ್ತುಮಾಡಿದ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡಗಳವರಿಗೆ 125 ರೂಪಾಯಿ. ಅದರ ಮೇಲೆ ಮುದ್ರಾಂಕ ಶುಲ್ಕವೊಂದುಂಟು. ಶಾಸನ ಹೀಗಿದ್ದರೂ ದೇಶದ ರಾಜ್ಯ ಪರಿಷತ್ತುಗಳು ಗ್ರಂಥಾಲಯ ನಿಧಿ, ಕಲ್ಯಾಣ ನಿಧಿ, ಪರಿಶೀಲನಾ ವೆಚ್ಚವೆಂದು ನಾನಾ ಹೆಸರುಗಳಲ್ಲಿ ಹಲವು ಸಾವಿರ ರೂಪಾಯಿಗಳನ್ನು ವಸೂಲು ಮಾಡುತ್ತ ಬಂದುವು. ನ್ಯಾಯವನ್ನು ರಕ್ಷಿಸತಕ್ಕ ವೃತ್ತಿಯ ಹೊಸಿಲಿನಲ್ಲಿಯೇ ಶಾಸನಕ್ಕೆ ವಿರುದ್ಧವಾದ ಈ ಸುಂಕದ ಕಟ್ಟೆ ದಶಕಗಳ ಕಾಲ ನಿಂತಿದ್ದುದು ಸೋಜಿಗವಲ್ಲವೆ? 2024ರ ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯವು, ಶಾಸನದಲ್ಲಿ ಹೇಳಿದ್ದಕ್ಕಿಂತ ಒಂದು ಕಾಸನ್ನೂ ನೋಂದಣಿಗೆ ಹೆಚ್ಚಾಗಿ ಕೇಳಕೂಡದೆಂದು ವಿಧಿಸಿತು. ಅಂದಿನಿಂದ ಈ ಹೊಸಿಲು ತಗ್ಗಿದೆ.

ನೋಂದಣಿಯಾದ ಎರಡು ವರ್ಷಗಳೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ದಾಟಬೇಕು. ನೂರು ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳು, ತಪ್ಪಿದರೆ ಅಂಕ ಕಳೆಯುವುದಿಲ್ಲ, ವ್ಯಾಖ್ಯಾನವಿಲ್ಲದ ಮೂಲ ಶಾಸನದ ಪುಸ್ತಕಗಳನ್ನು ಒಳಗೆ ಒಯ್ಯಬಹುದು, ಕನ್ನಡದಲ್ಲಿಯೂ ಬರೆಯಬಹುದು. ಮೊದಲ ಪರೀಕ್ಷೆ ನಡೆದುದು 2011ರ ಮಾರ್ಚಿನಲ್ಲಿ.

ಈ ಪರೀಕ್ಷೆಯ ಹಿಂದಿನ ಕಥೆಯನ್ನು ಬಲ್ಲವರಿಗೆ, ನಮ್ಮ ಶಾಸನಕರ್ತರು ವಕೀಲನ ಶಿಕ್ಷಣದ ವಿಷಯದಲ್ಲಿ ಎಷ್ಟು ಚಂಚಲಚಿತ್ತರಾಗಿ ನಡೆದುಕೊಂಡಿದ್ದಾರೆಂಬುದು ಮನದಟ್ಟಾಗುತ್ತದೆ. 1961ರ ಅಧಿನಿಯಮವು ಮೊದಲು ಜಾರಿಗೆ ಬಂದಾಗ, ಪದವಿಯ ಮೇಲೆ ಒಂದು ಕಾಲದ ತರಬೇತಿಯೂ ಅದರ ಕೊನೆಗೆ ಒಂದು ಪರೀಕ್ಷೆಯೂ ವಿಧಿಸಲ್ಪಟ್ಟಿದ್ದುವು. 1973ರ ತಿದ್ದುಪಡಿಯು ಎರಡನ್ನೂ ಒಟ್ಟಿಗೆ ತೆಗೆದುಹಾಕಿತು. ಇಪ್ಪತ್ತು ವರ್ಷಗಳು ಕಳೆದ ಮೇಲೆ, ಕೋರ್ಟಿನ ಮೆಟ್ಟಿಲನ್ನೇ ಹತ್ತದ ಪದವೀಧರರು ನೇರವಾಗಿ ವಾದಕ್ಕೆ ನಿಲ್ಲುವುದನ್ನು ಕಂಡು ಕಳವಳಗೊಂಡ ಭಾರತೀಯ ವಕೀಲರ ಪರಿಷತ್ತು, 1995ರಲ್ಲಿ ನಿಯಮಗಳನ್ನು ರಚಿಸಿ, ಹಿರಿಯ ವಕೀಲರೊಬ್ಬರ ಬಳಿ ಒಂದು ವರ್ಷ ಕಲಿತೇ ಬರಬೇಕೆಂದಿತು. ತರಬೇತಿ ಅಪೇಕ್ಷಣೀಯವೇ ಆದರೂ ಅದನ್ನು ನೋಂದಣಿಗೆ ಷರತ್ತಾಗಿ ವಿಧಿಸುವ ಅಧಿಕಾರ ಪರಿಷತ್ತಿಗಿಲ್ಲವೆಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮಗಳನ್ನು ರದ್ದುಪಡಿಸಿತು. ಆಮೇಲೆ 2010ರಲ್ಲಿ ಪರೀಕ್ಷೆ ಬಂದಿತು. ಅದೂ ಅಧಿಕಾರಾತೀತವೆಂಬ ತಕರಾರೆದ್ದು, 2023ರ ಫೆಬ್ರವರಿಯಲ್ಲಿ ಐವರು ನ್ಯಾಯಾಧೀಶರ ಸಂವಿಧಾನ ಪೀಠವು ಅದನ್ನು ಎತ್ತಿಹಿಡಿದ ಮೇಲೆಯೇ ಆ ಚರ್ಚೆ ತಣ್ಣಗಾದುದು. ಹೀಗೆ ಅರ್ಧ ಶತಮಾನದ ಎಳೆದಾಟದಲ್ಲಿ ಕೊನೆಗೆ ಉಳಿದುಕೊಂಡದ್ದು ಪರೀಕ್ಷೆ; ಬಿದ್ದುಹೋದದ್ದು ತರಬೇತಿ. ಈ ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾಗಿದ್ದರೆ ತರಬೇತಿಯನ್ನು ಉಳಿಸಿಕೊಳ್ಳಬೇಕಾಗಿತ್ತೆಂಬುದು ನನ್ನ ಮತ. ಏಕೆಂದರೆ ತಾಲ್ಲೂಕು ಕೋರ್ಟಿನಲ್ಲಿ ವಕೀಲನಾದವನಿಗೆ ಬೇಕಾದ ವಿದ್ಯೆಯಲ್ಲಿ ಬಹುಭಾಗ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದರಿಂದ ಬರತಕ್ಕದ್ದಲ್ಲ.

ಕನಕಪುರದ ಯಾವುದಾದರೊಂದು ವಕೀಲರ ಕಚೇರಿಯಲ್ಲಿ ಸಂಜೆ ಆರು ಗಂಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತರೆ ಈ ಮಾತು ಅರ್ಥವಾಗುತ್ತದೆ. ಹಳ್ಳಿಯಿಂದ ಬಂದ ಕಕ್ಷಿದಾರನು ಬಾಗಿಲಲ್ಲೇ ನಿಂತು, "ಸ್ವಾಮಿ, ನಮ್ಮಪ್ಪನ ಕಾಲದಿಂದ ಆ ಹೊಲ ನಾವೇ ಉಳ್ತಾ ಇದೀವಿ, ಈಗ ದಾಯಾದಿ ಬಂದು ಬೇಲಿ ಕಿತ್ತಾಕವ್ನೆ" ಎನ್ನುತ್ತಾನೆ. ಸೀನಿಯರ್ ತಲೆಯೆತ್ತದೆ ಕೇಳುವ ಮೊದಲ ಪ್ರಶ್ನೆ, "ಪಹಣಿ ತಂದಿದೀಯೇನಪ್ಪ?" ಎಂಬುದು. ಮಡಿಕೆ ಮಡಿಕೆಯಾಗಿ ಮಡಚಿದ ಕಾಗದ ಜೇಬಿನಿಂದ ಹೊರಬಂದು ಜೂನಿಯರಿನ ಕೈ ಸೇರುತ್ತದೆ. ಕಾಲೇಜಿನಲ್ಲಿ ಸಂವಿಧಾನದ ಮೂಲಭೂತ ಹಕ್ಕುಗಳನ್ನು ಕಂಠಪಾಠ ಮಾಡಿ ಬಂದ ಆ ತರುಣನು ಪಹಣಿಯ 9ನೆಯ ಅಂಕಣದಲ್ಲಿ ಖಾತೆದಾರನ ಹೆಸರನ್ನು ಓದಿ ಸಂತುಷ್ಟನಾಗುತ್ತಾನೆ. ಸೀನಿಯರಿನ ಬೆರಳು 10ನೆಯದಕ್ಕೆ ಸರಿದು ಆ ಹೆಸರು ಯಾವ ಮ್ಯುಟೇಶನ್ ನಂಬರಿನಿಂದ ಅಲ್ಲಿಗೆ ಬಂದಿತೆಂಬುದನ್ನೂ, 11ನೆಯದರಲ್ಲಿ ಯಾವ ಸಾಲದ ಋಣಭಾರವಿದೆಯೆಂಬುದನ್ನೂ, 12ನೆಯದರಲ್ಲಿ ಉಳುವವನೆಂದು ಯಾರ ಹೆಸರು ಎಷ್ಟು ವರ್ಷ ಬಂದು ಯಾವ ವರ್ಷ ನಿಂತುಹೋಯಿತೆಂಬುದನ್ನೂ ತೋರಿಸುತ್ತದೆ. ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದಂತೆ ಪಹಣಿಯಲ್ಲಿದ್ದುದನ್ನು, ಸುಳ್ಳೆಂದು ರುಜುವಾತಾಗುವವರೆಗೆ, ನಿಜವೆಂದೇ ಭಾವಿಸತಕ್ಕದ್ದು. ತಡೆಯಾಜ್ಞೆಯ ದಾವೆಯಲ್ಲಿ, ದಾವೆ ಹಾಕಿದ ದಿನ ಜಮೀನು ಯಾರ ಸ್ವಾಧೀನದಲ್ಲಿತ್ತೆಂಬುದೇ ಪ್ರಶ್ನೆಯ ತಿರುಳಾದ್ದರಿಂದ, ಹನ್ನೆರಡನೆಯ ಅಂಕಣದ ಒಂದು ಸಾಲು ವಾದಿಯನ್ನು ಉಳಿಸಬಹುದು, ಮುಳುಗಿಸಲೂಬಹುದು. "ನಾಳೆ ತಾಲ್ಲೂಕು ಕಚೇರಿಗೆ ಹೋಗಿ ಹಳೇ ಕೈಬರಹದ ಪಹಣಿಗೆಲ್ಲ ನಕಲು ಅರ್ಜಿ ಹಾಕಿಸು" ಎಂಬ ಅಪ್ಪಣೆಯೊಂದಿಗೆ ಜೂನಿಯರಿನ ಆ ದಿನದ ಪಾಠ ಮುಗಿಯುತ್ತದೆ.

ಇದೇ ಬಗೆಯಲ್ಲಿ ವಿಭಾಗದ ದಾವೆಗಳು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಭಾಗವನ್ನು ಕರ್ನಾಟಕವು 1994ರಲ್ಲಿಯೇ ಕೊಟ್ಟಿತಾದರೂ, ಅಂದು ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ತಂದೆ ಆಗ ಬದುಕಿರಬೇಕಾಗಿತ್ತೇ ಎಂಬ ಸಂದೇಹವನ್ನು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಹರಿಸಿತು. ಬೆಂಗಳೂರು ಬೆಳೆದು ಬಿಡದಿ ಹಾರೋಹಳ್ಳಿಗಳನ್ನು ಮುಟ್ಟಿ, ರಾಗಿ ಬೆಳೆಯುತ್ತಿದ್ದ ಕುಂಟೆಗಳಿಗೆ ನಿವೇಶನದ ಬೆಲೆ ಬಂದ ಮೇಲೆ, ಈ ಮೂರು ವರ್ಷಸಂಖ್ಯೆಗಳನ್ನು ಕ್ರಮವಾಗಿ ಬಲ್ಲ ವಕೀಲನಿಗೂ ಬರಿದೆ ಕೇಳಿ ಬಲ್ಲ ವಕೀಲನಿಗೂ ನಡುವಣ ವ್ಯತ್ಯಾಸ ಒಂದು ಕುಟುಂಬದ ಸರ್ವಸ್ವವಾಗಬಹುದು.

ರಾಮನಗರದ ಪಾಡು ಬೇರೆ. ಏಷ್ಯಾದಲ್ಲಿಯೇ ದೊಡ್ಡದೆನ್ನಿಸಿಕೊಂಡ ರೇಷ್ಮೆಗೂಡಿನ ಮಾರುಕಟ್ಟೆಯಿರುವ ಪಟ್ಟಣದಲ್ಲಿ ರೀಲರುಗಳು, ನೂಲಿನ ವ್ಯಾಪಾರಿಗಳು, ಸಾಲಗಾರರು ಒಬ್ಬರಿಗೊಬ್ಬರು ಕೊಟ್ಟ ಚೆಕ್ಕುಗಳು ಬ್ಯಾಂಕಿನಿಂದ ಹಿಂದಿರುಗಿದಾಗ, ಅವುಗಳ ದಾರಿ ನೇರವಾಗಿ ಕೋರ್ಟಿಗೆ. ಚೆಕ್ ಬೌನ್ಸ್ ಕೇಸೆಂದರೆ ಹೊಸಬರು ಸುಲಭವೆಂದು ಭಾವಿಸುತ್ತಾರೆ. ಆದರೆ ಅದು ದಿನಗಳ ಲೆಕ್ಕದ ಮೇಲೆ ನಿಂತ ವ್ಯವಹಾರ: ಬ್ಯಾಂಕಿನ ಮೆಮೊ ಬಂದ 30 ದಿನಗಳೊಳಗೆ ನೋಟೀಸು, ನೋಟೀಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಅದು ಕಳೆದ ಒಂದು ತಿಂಗಳೊಳಗೆ ದೂರು. ದೂರು ತಡವಾದರೆ ಸಕಾರಣವನ್ನು ತೋರಿಸಿ ಕ್ಷಮೆ ಕೇಳಬಹುದು. ನೋಟೀಸು ಒಂದು ದಿನ ತಡವಾದರೂ ಆ ತಪ್ಪನ್ನು ಮನ್ನಿಸಲು ಮ್ಯಾಜಿಸ್ಟ್ರೇಟರಿಗೂ ಅಧಿಕಾರವಿಲ್ಲ. ಈ ಭೇದವು ಶಾಸನದ ಪುಸ್ತಕದಲ್ಲಿ ಮುದ್ರಿತವಾಗಿಯೇ ಇದೆ. ಆದರೂ ಅಂಚೆಯ ಸ್ವೀಕೃತಿ ಚೀಟಿಯನ್ನು ಫೈಲಿಗೆ ಪಿನ್ನು ಮಾಡಿ, ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುವ ಅಭ್ಯಾಸವನ್ನು ಪುಸ್ತಕವು ಕಲಿಸುವುದಿಲ್ಲ. ಕೇಸು ಕರೆದಾಗ ಎದ್ದು ನಿಂತು ವಾಯಿದೆ ಕೇಳುವ ಮರ್ಯಾದೆ, ಸುಳ್ಳು ಹೇಳುವ ಸಾಕ್ಷಿಯನ್ನು ರೇಗಿಸದೆ ಪಾಟೀಸವಾಲಿನಲ್ಲಿ ಬಿಡಿಸುವ ಜಾಣ್ಮೆ, ಶಿರಸ್ತೇದಾರರ ಆಕ್ಷೇಪಣೆಯನ್ನು ಸರಿಪಡಿಸಿ ಕಡತವನ್ನು ಮುಂದಕ್ಕೆ ಸಾಗಿಸುವ ವ್ಯವಹಾರಜ್ಞಾನ, ಇವೆಲ್ಲವೂ ಗುರುಮುಖದಿಂದಲೇ ಬರಬೇಕಾದ ವಿದ್ಯೆ.

ವಕೀಲನಿಲ್ಲದೆ ಹಳ್ಳಿಗನು ಕಾನೂನಿನೆದುರು ನಿಂತರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಪ್ರಸಂಗವುಂಟು. 1974ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಾಲದಲ್ಲಿ, ಗೇಣಿದಾರರು 7ನೆಯ ನಮೂನೆಯಲ್ಲಿ ಹಾಕಿದ ಅರ್ಜಿಗಳನ್ನು ತಾಲ್ಲೂಕು ಭೂನ್ಯಾಯಮಂಡಳಿಗಳು ವಿಚಾರಿಸುತ್ತಿದ್ದಾಗ, ಆ ಅಧಿನಿಯಮದ 48ನೆಯ ಪ್ರಕರಣದ 8ನೆಯ ಉಪಪ್ರಕರಣವು ಮಂಡಳಿಯ ಮುಂದೆ ವಕೀಲರು ಹಾಜರಾಗಲೇಕೂಡದೆಂದು ನಿಷೇಧಿಸಿತ್ತು. ಉದ್ದೇಶವೇನೋ ಒಳ್ಳೆಯದೇ: ಹಣವುಳ್ಳ ಒಡೆಯನು ದೊಡ್ಡ ವಕೀಲನನ್ನು ತಂದು ಬಡ ಗೇಣಿದಾರನ ಬಾಯಿ ಕಟ್ಟಬಾರದೆಂಬುದು. ಆದರೆ ಸಾಕ್ಷ್ಯವೆಂದರೇನೆಂದರಿಯದ ರೈತನೂ ತನ್ನ ಕಾಗದವನ್ನು ತಾನೇ ಹಿಡಿದು ನಿಲ್ಲಬೇಕಾದ ಪರಿಸ್ಥಿತಿ ಅದರಿಂದ ಒದಗಿತು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಕೀಲರ ವೃತ್ತಿಯ ಹಕ್ಕು ಸಂಸತ್ತಿನ ಶಾಸನದಿಂದ ಬಂದುದಾದ್ದರಿಂದ ರಾಜ್ಯವು ಅದನ್ನು ಹೀಗೆ ತಡೆಯಲಾರದೆಂದು ಆ ನಿಷೇಧವನ್ನು ತೊಡೆದುಹಾಕಿತು. ಅಷ್ಟರಲ್ಲಿ ಅಸಂಖ್ಯಾತ ಅರ್ಜಿಗಳು ತೀರ್ಮಾನವಾಗಿಹೋಗಿದ್ದುವು.

ಇನ್ನು ಹಣದ ವಿಷಯ. ಸಂಕೋಚದಿಂದ ಮರೆಮಾಚುವುದರಿಂದ ಪ್ರಯೋಜನವಿಲ್ಲ. ನೋಂದಣಿಯ ಶುಲ್ಕ ಇಳಿಯಿತು, ಪರೀಕ್ಷೆ ಕನ್ನಡದಲ್ಲಿ ಬಂದಿತು, ಕಾಲೇಜು ಹತ್ತಿರವಾಯಿತು. ಹಳ್ಳಿಯ ತರುಣ ತರುಣಿಯರು ಸೋತು ಹಿಂದಿರುಗುವುದು ಈ ಮೂರರಲ್ಲಿ ಯಾವುದರಿಂದಲೂ ಅಲ್ಲ, ಸನದು ದೊರೆತ ಮೇಲಿನ ಮೊದಲ ಮೂರು ವರ್ಷಗಳಲ್ಲಿ. ಸೀನಿಯರಿನ ಕಚೇರಿಯಲ್ಲಿ ಕಲಿಯುವವನಿಗೆ ಸಂಬಳವೆಂಬುದು ಅನೇಕ ಕಡೆ ಇಲ್ಲ. ಹಬ್ಬಕ್ಕೋ, ಒಳ್ಳೆಯ ಫೀಜು ಬಂದ ದಿನಕ್ಕೋ ಕೈಗಿಟ್ಟಷ್ಟೇ ಲಾಭ. ಹೊಟ್ಟೆಪಾಡಿಗೆ ಬೇರೊಂದು ಪೂರ್ಣಕಾಲಿಕ ನೌಕರಿಯನ್ನು ಹಿಡಿಯೋಣವೆಂದರೆ, ವಕೀಲನಾಗಿರುವಷ್ಟು ಕಾಲ ಅದು ನಿಷಿದ್ಧ. ತನ್ನ ಹೆಸರನ್ನು ಜಾಹೀರಾತು ಮಾಡಿಕೊಳ್ಳುವುದು ನಿಷಿದ್ಧ. ಗೆದ್ದರೆ ಇಷ್ಟು ಪಾಲು ಕೊಡೆಂದು ಕಕ್ಷಿದಾರನೊಡನೆ ಕರಾರು ಮಾಡಿಕೊಳ್ಳುವುದೂ ನಿಷಿದ್ಧ. ಉಚಿತ ಕಾನೂನು ನೆರವಿನ ಪ್ಯಾನೆಲ್ಲಿಗೆ ಸೇರಿ ಸರ್ಕಾರದಿಂದ ಅಲ್ಪಸ್ವಲ್ಪ ಪಡೆಯೋಣವೆಂದರೆ ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷಗಳ ಅನುಭವ ಬೇಕು. ನೋಟರಿಯಾಗುವುದಕ್ಕಂತೂ ಸಾಮಾನ್ಯ ವರ್ಗದವರಿಗೆ ಹತ್ತು. ಈ ನಿಷೇಧಗಳಲ್ಲಿ ಒಂದನ್ನೂ ನಾನು ಅನುಚಿತವೆನ್ನಲಾರೆ. ಆದರೆ ಗಳಿಕೆಯ ಬಾಗಿಲುಗಳನ್ನೆಲ್ಲ ಮುಚ್ಚಿದ ಮೇಲೆ ಅನ್ನದ ಬಾಗಿಲೊಂದನ್ನು ತೆರೆದಿಡುವುದು ವೃತ್ತಿಯ ಹಿರಿಯರ ಕರ್ತವ್ಯವಲ್ಲವೆ? ಪರಿಶಿಷ್ಟ ಹಾಗೂ ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ತರಬೇತಿಯ ಕಾಲದಲ್ಲಿ ರಾಜ್ಯ ಸರ್ಕಾರವು ಶಿಷ್ಯವೇತನ ಕೊಡುವ ಪದ್ಧತಿಯುಂಟು. ಅರ್ಹರು ಅದನ್ನು ತಪ್ಪದೆ ವಿಚಾರಿಸಿಕೊಳ್ಳಬೇಕು. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು, ಜೂನಿಯರುಗಳಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಗಳನ್ನಾದರೂ ಕೊಡುವುದು ಉಚಿತವೆಂದು ಸುತ್ತೋಲೆ ಹೊರಡಿಸಿತು. ಅದು ಸಲಹೆ ಮಾತ್ರ, ವಿಧಿಯಲ್ಲ.

ತಾಲ್ಲೂಕು ವಕೀಲರೆಲ್ಲರೂ ಕುಬೇರರಲ್ಲವೆಂಬುದು ನಿಜ. ವಾಯಿದೆಗೆ ಇನ್ನೂರು ಮುನ್ನೂರು ರೂಪಾಯಿ ತೆಗೆದುಕೊಂಡು, ಬಡವನಾದರೆ ಅದನ್ನೂ ಬಿಟ್ಟು ಕೇಸು ನಡೆಸುವವರಿದ್ದಾರೆ. ಅಂಥವರನ್ನು 15,000 ಕೊಡಿರೆಂದು ಒತ್ತಾಯಿಸುವುದು ನ್ಯಾಯವಲ್ಲ. ಹಾಗೆಂದು, ಜಮೀನಿನ ಬೆಲೆಯೊಡನೆ ಫೀಜೂ ಏರಿರುವ ಕಚೇರಿಗಳಲ್ಲಿ ಜೂನಿಯರು ಬಸ್ಸಿನ ಪಾಸನ್ನು ಮನೆಯ ದುಡ್ಡಿನಿಂದ ಕೊಳ್ಳುತ್ತಿರುವುದೂ ನ್ಯಾಯವಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಕಷ್ಟ ಇಮ್ಮಡಿ. 1923ರ ಶಾಸನವು ಬ್ರಿಟಿಷ್ ಇಂಡಿಯದಲ್ಲಿ ಸ್ತ್ರೀಯರಿಗೆ ವಕೀಲಿಯನ್ನು ತೆರೆದು ನೂರು ವರ್ಷಗಳು ಕಳೆದಿವೆ; ಆದರೂ ಕಚೇರಿಯ ಕೆಲಸ ಸಂಜೆ ಕೋರ್ಟು ಮುಗಿದ ಮೇಲೆಯೇ ಆರಂಭವಾಗುವ ಈ ವೃತ್ತಿಯಲ್ಲಿ, ರಾತ್ರಿ ಎಂಟರ ಮೇಲೆ ಮಾಗಡಿಯಿಂದ ತನ್ನ ಹಳ್ಳಿಗೆ ಬಸ್ಸಿಲ್ಲದ ಹುಡುಗಿ, ಸಂಪಾದನೆಯೂ ಇಲ್ಲದೆ ಎಷ್ಟು ದಿನ ಮನೆಯವರಿಗೆ ಸಮಾಧಾನ ಹೇಳಿಯಾಳು?

ಈಗ ಈ ಪ್ರಶ್ನೆಗೆ ಹೊಸ ತುರ್ತು ಬಂದಿದೆ. 2025ರ ಮೇ 20ರಂದು ಸರ್ವೋಚ್ಚ ನ್ಯಾಯಾಲಯವು, ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರಬೇಕಾದರೆ ಮೂರು ವರ್ಷಗಳ ವಕೀಲಿಯನ್ನು ನಡೆಸಿರಲೇಬೇಕೆಂಬ ಹಳೆಯ ನಿಯಮವನ್ನು ಮತ್ತೆ ಜಾರಿಗೆ ತಂದಿತು. ಕನಿಷ್ಠ ಹತ್ತು ವರ್ಷ ವಕೀಲಿ ಮಾಡಿದ ಹಿರಿಯರೊಬ್ಬರು ಬರೆದುಕೊಟ್ಟು, ಆ ಸ್ಥಳದ ಪ್ರಧಾನ ನ್ಯಾಯಾಧಿಕಾರಿ ಮೇಲುರುಜು ಹಾಕಿದ ಪ್ರಮಾಣಪತ್ರ ಅದಕ್ಕೆ ಸಲ್ಲುತ್ತದೆ. ಕಾಲೇಜಿನಿಂದ ನೇರವಾಗಿ ನ್ಯಾಯಪೀಠಕ್ಕೆ ಹತ್ತಿದವರು ಪಹಣಿಯನ್ನು ಮೊದಲ ಬಾರಿಗೆ ಕಾಣುವುದು ತೀರ್ಪು ಬರೆಯುವಾಗ ಎಂಬಂಥ ಸ್ಥಿತಿಗೆ ಇದು ತಕ್ಕ ಔಷಧ. ನ್ಯಾಯಾಲಯದ ನಿರ್ಣಯ ಸರಿಯಾದುದೆಂದೇ ನನ್ನ ಅಭಿಪ್ರಾಯ. ಆದರೆ ಅದರ ಫಲವಾಗಿ, ನ್ಯಾಯಾಧೀಶರಾಗಬೇಕೆಂದು ಹೊರಟ ಬಡವರ ಮಕ್ಕಳು ಸಂಬಳವಿಲ್ಲದ ಆ ಮೂರು ವರ್ಷಗಳನ್ನು ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ಅಸಾಧ್ಯವಾಗಿದೆ. ಮನೆಯಿಂದ ಊಟ ಕಟ್ಟಿಕೊಂಡು ಬರಬಲ್ಲವರು ಮಾತ್ರ ಮುಂದೆ ನ್ಯಾಯಪೀಠದಲ್ಲಿ ಕುಳಿತರೆ, ಅದು ನಿಯಮದ ದೋಷವಾಗದೆ, ಆ ಮೂರು ವರ್ಷಗಳನ್ನು ಹಾಗೆಯೇ ಬಿಟ್ಟ ನಮ್ಮೆಲ್ಲರ ದೋಷವಾದೀತು.

ಆದ್ದರಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವಕೀಲರ ಸಂಘಗಳಲ್ಲಿ ಒಂದು ಬಿನ್ನಹ. ದೆಹಲಿಯ ಸುತ್ತೋಲೆ ವಿಧಿಯಾಗಲೆಂದು ಕಾಯದೆ, ಪ್ರತಿಯೊಂದು ಸಂಘವೂ ತನ್ನ ಊರಿನ ಸ್ಥಿತಿಗೆ ತಕ್ಕ ಮೊತ್ತವೊಂದನ್ನು, 15,000 ಆಗದಿದ್ದರೆ ಐದು ಸಾವಿರವನ್ನಾದರೂ, ಗೊತ್ತುಮಾಡಿ, ಮೊದಲ ಮೂರು ವರ್ಷಗಳ ಜೂನಿಯರುಗಳಿಗೆ ಪ್ರತಿ ತಿಂಗಳೂ ತಪ್ಪದೆ ಸಲ್ಲುವಂತೆ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಲಿ. ಕೊಡಲಾರದ ಹಿರಿಯರ ಪರವಾಗಿ ಸಂಘದ ನಿಧಿಯಿಂದ ಸ್ವಲ್ಪ ಸೇರಲಿ. ಮಕ್ಕಳನ್ನು ಲಾ ಕಾಲೇಜಿಗೆ ಸೇರಿಸಲಿರುವ ತಂದೆತಾಯಿಗಳಲ್ಲಿಯೂ ಒಂದು ಮಾತು: ಓದಿಗೆ ಐದು ವರ್ಷವೆಂದು ಲೆಕ್ಕ ಹಾಕಬೇಡಿ, ಎಂಟು ವರ್ಷವೆಂದು ಹಾಕಿ, ಕಡೆಯ ಮೂರು ವರ್ಷಗಳ ಖರ್ಚನ್ನು ಈಗಲೇ ಬೇರೆ ಎತ್ತಿಡಿ.